ಬೆಕ್ಕಿನ ಹಾಲು ಯಾವ ಖಾತೆಗೆ?

ಬೆಕ್ಕಿಗೆ ಅಧ್ಯಾತ್ಮ ಉಂಟೇ ಎಂದು ಕೇಳಿದರೆ ನಗುವವರು ಮೊದಲೇ ನಕ್ಕುಬಿಡಿ, ಆಮೇಲೆ ಓದಿ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಈ ವಿಷಯದ ಮೇಲೆ ಮೂರು ದಿನ ಚರ್ಚೆ ನಡೆದಿದೆ. ಮೂರು ದಿನವೂ ಚಹಾದ ದುಡ್ಡು ಕೊಟ್ಟವನು ನಾನು. ಆದ್ದರಿಂದ ಬರೆಯುವ ಹಕ್ಕೂ ನನ್ನದೇ.

ಶುರು ಮಾಡಿದವನು ನಮ್ಮ ಕ್ಲಾಸಿನ ಒಬ್ಬ. ಬೆಕ್ಕು ಕೂತ ಭಂಗಿ ನೋಡಿ, ಕಣ್ಣು ಅರೆಮುಚ್ಚಿ, ಉಸಿರಾಡಿದ್ದೂ ಗೊತ್ತಾಗದ ಹಾಗೆ ಕೂತಿರುತ್ತದೆ, ಅದು ಹುಟ್ಟಾ ಬೌದ್ಧ ಅಂದ. ಎದುರಿಗೆ ಕೂತಿದ್ದ ನನ್ನ ಗೆಳೆಯ ನಿಜವಾಗಿಯೂ ಹುಟ್ಟಾ ಬೌದ್ಧ. ಅವನ ಮುತ್ತಜ್ಜ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರೊಂದಿಗೆ ದೀಕ್ಷೆ ತಕ್ಕೊಂಡ ಲಕ್ಷಾಂತರ ಜನರಲ್ಲಿ ಒಬ್ಬರು. ಅವನು ಗ್ಲಾಸು ಕೆಳಗಿಟ್ಟು, "ಪಂಚಶೀಲದಲ್ಲಿ ಮೊದಲನೆಯದೇ ಪ್ರಾಣಿ ಕೊಲ್ಲುವುದಿಲ್ಲ ಅಂತ. ನಿಮ್ಮ ಈ ಬೌದ್ಧ ದಿವಸಕ್ಕೆ ಎಷ್ಟು ಇಲಿ ತಿನ್ನುತ್ತಾನೆ?" ಅಂತ ಕೇಳಿದ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ನನಗೆ ಮಾತ್ರ ಮುಗಿಯಲಿಲ್ಲ. ಯಾಕೆಂದರೆ ಒಂದು ಬೆಕ್ಕಿನ ಲೆಕ್ಕ ಬರೆಯುವ ಕೆಲಸ ನನ್ನದು.

ಹತ್ತನೆಯವರೆಗೆ ನಾನು ಕಾರ್ಕಳದ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಮುಂಬಯಿಗೆ, ಮಾವನ ಹತ್ತಿರ ಬಂದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಮಾವನ ಹೋಟೆಲಿನ ಗಲ್ಲಾ. ಫೀಸು ಕಟ್ಟುವವರು ಮಾವನೇ. ಹೋಟೆಲಿನ ಹಿಂದೆ ಸ್ಟೋರ್ ರೂಮು. ಅದರೊಳಗೆ ಅಕ್ಕಿ, ಉದ್ದು, ತೊಗರಿಬೇಳೆಯ ಗೋಣಿಗಳು, ಬೆಲ್ಲದ ಅಚ್ಚುಗಳು, ಮೂಲೆಯಲ್ಲಿ ಮೋರಿಗೆ ಹೋಗುವ ಒಂದು ತೂತು. ಆ ತೂತಿನ ಎದುರಿಗೆ ಬೂದು ಬಣ್ಣದ ಒಂದು ಹೆಣ್ಣು ಬೆಕ್ಕು. ಅಡಿಗೆಯ ಭಟ್ರು ಅದನ್ನು 'ಸ್ಟೋರ್ ಕೀಪರ್' ಅಂತ ಕರೆಯುತ್ತಾರೆ. ಬೆಳಗಿನ ನಾಲ್ಕೂವರೆಗೆ ಭಟ್ರು ಇಡ್ಲಿ ಪಾತ್ರೆ ಒಲೆಗೆ ಏರಿಸುವ ಹೊತ್ತಿಗೆ ಅದು ಅಲ್ಲಿ ಕೂತಿರುತ್ತಿತ್ತು. ಅರ್ಧ ಗಂಟೆ, ಒಂದು ಗಂಟೆ. ಬಾಲದ ತುದಿ ಸಹ ಅಲ್ಲಾಡದು. ಪಾತ್ರೆ ಬಿದ್ದರೂ ತಿರುಗಿ ನೋಡದು. ಪರೀಕ್ಷೆಗೆ ಓದಲು ಕೂತು ಹತ್ತು ನಿಮಿಷಕ್ಕೊಮ್ಮೆ ನೀರು ಕುಡಿಯಲು ಏಳುವ ನನಗೆ ಅದನ್ನು ಕಂಡು ಹೊಟ್ಟೆಕಿಚ್ಚಾದದ್ದುಂಟು.

ಈ ಹೋಲಿಕೆ ನಮ್ಮ ಕ್ಲಾಸಿನವನ ಹೊಸ ಶೋಧ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಗೆಳೆಯನ ಮನೆಯ ಪುಸ್ತಕಗಳು ಮರಾಠಿಯವು, ಕೆಲವು ಇಂಗ್ಲಿಷಿನವು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ನಿಧಾನವಾಗಿ ಓದಿದೆ. (ಕನ್ನಡದಲ್ಲೂ ಈ ಕೆಲಸ ಆಗಿದೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ನಾಯಿಮರಿಯ ಪದ್ಯದ ಜಿ.ಪಿ. ರಾಜರತ್ನಂ ಅವರೇ ಬೌದ್ಧ ಕಥೆಗಳನ್ನು ಕನ್ನಡಕ್ಕೆ ತಂದವರು. ಬೆಕ್ಕಿಗಿಂತ ನಾಯಿಯ ಮೇಲೆ ಅವರಿಗೆ ಪ್ರೀತಿ ಹೆಚ್ಚಿರಬೇಕು.) ಮಜ್ಝಿಮ ನಿಕಾಯದ ಐವತ್ತನೆಯ ಸುತ್ತದಲ್ಲಿ, ಹಿಂದಿನ ಬುದ್ಧನೊಬ್ಬನ ಕಾಲದ್ದೆಂದು ಒಂದು ಕಥೆ ಬರುತ್ತದೆ. ಮಾರ ಜನರ ಮನಸ್ಸು ಕೆಡಿಸಿ ಭಿಕ್ಷುಗಳನ್ನು ಬೈಯಿಸುತ್ತಾನೆ. ತಲೆ ತಗ್ಗಿಸಿ ಕೂತು ಧ್ಯಾನ ಅನ್ನುತ್ತಾರೆ, ಇದು ಇಲಿಗೆ ಕಾಯುವ ಬೆಕ್ಕಿನ ಧ್ಯಾನ ಎಂದು ಜನ ಹಂಗಿಸುತ್ತಾರೆ. ಬೆಕ್ಕು ಭಿಕ್ಷುವಿನ ಹಾಗೆ ಕಾಣುತ್ತದೆ ಅಂದರೆ, ಭಿಕ್ಷುವೂ ಬೆಕ್ಕಿನ ಹಾಗೆ ಕಾಣುತ್ತಾನೆ ಅಂದ ಹಾಗೆಯೇ ಆಯಿತಲ್ಲ! ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ.

ಸಂಯುತ್ತ ನಿಕಾಯದಲ್ಲಿ ಬಿಳಾರ ಸುತ್ತ ಎಂದೇ ಒಂದಿದೆ. ಬಿಳಾರ ಅಂದರೆ ಬೆಕ್ಕು. ಕಸದ ಗುಂಡಿಯ ಹತ್ತಿರ ಒಂದು ಬೆಕ್ಕು ಹೊಂಚು ಹಾಕಿ, ಬಂದ ಸಣ್ಣ ಇಲಿಯನ್ನು ಅಗಿಯದೆ ಗಬಕ್ಕನೆ ನುಂಗುತ್ತದೆ. ಒಳಗೆ ಹೋದ ಇಲಿ ಅದರ ಕರುಳನ್ನೇ ತಿನ್ನುತ್ತದೆ. ಮನಸ್ಸನ್ನು ಕಾಯದೆ ಊರೊಳಗೆ ಭಿಕ್ಷೆಗೆ ಹೋಗುವ ಭಿಕ್ಷುವಿನ ಗತಿಯೂ ಹೀಗೆ ಎಂದು ಬುದ್ಧ ಹೇಳುತ್ತಾನೆ. ಆಸೆ ಹುಟ್ಟಿಸುವ ವಸ್ತು ಕಣ್ಣಿನಿಂದ ಒಳಗೆ ಹೋಗಿ ಕೂತುಬಿಡುತ್ತದೆ ಎಂಬ ಅರ್ಥ. ಬೆಕ್ಕಿಗೆ ಇಲ್ಲೂ ಒಳ್ಳೆಯ ಪಾತ್ರ ಸಿಗಲಿಲ್ಲ.

ಜಾತಕ ಕಥೆಗಳಿಗೆ ಬಂದರೆ ಇನ್ನೂ ಅನ್ಯಾಯ. ಬೋಧಿಸತ್ವ ಆನೆಯಾಗಿ, ಕೋತಿಯಾಗಿ, ಜಿಂಕೆಯಾಗಿ, ಮೊಲವಾಗಿ ಹುಟ್ಟಿದ್ದಾನೆ. 128ನೆಯ ಜಾತಕದಲ್ಲಿ ಇಲಿಗಳ ರಾಜನಾಗಿಯೂ ಹುಟ್ಟಿದ್ದಾನೆ! ನಾನು ಓದಿದ ಒಂದು ಕಥೆಯಲ್ಲೂ ಬೆಕ್ಕಾಗಿ ಹುಟ್ಟಿಲ್ಲ. ಕುಕ್ಕುಟ ಜಾತಕದಲ್ಲಿ ಬೋಧಿಸತ್ವ ಹುಂಜ; ಮದುವೆಯಾಗುತ್ತೇನೆ ಎಂದು ಸವಿಮಾತಾಡಿ ತಿನ್ನಲು ಬಂದ ಮೋಸಗಾತಿ ಬೆಕ್ಕು. ಆ 128ನೆಯ ಕಥೆಯೇ ತಮಾಷೆ. ಒಂಟಿ ಕಾಲಲ್ಲಿ ನಿಂತು, ಸೂರ್ಯನಿಗೆ ಮುಖ ಮಾಡಿ, ಗಾಳಿಯನ್ನೇ ಉಣ್ಣುವ ತಪಸ್ವಿಯ ವೇಷ ಹಾಕಿ, ನಮಸ್ಕಾರಕ್ಕೆ ಬಂದ ಇಲಿಗಳಲ್ಲಿ ಕೊನೆಯದನ್ನು ದಿನಾ ಹಿಡಿದು ತಿನ್ನುವುದು ಬೆಕ್ಕಲ್ಲ, ನರಿ. ಆದರೆ ಜಾತಕದ ಹೆಸರು ಮಾತ್ರ ಬಿಳಾರ ಜಾತಕ. ಆ ಬಗೆಯ ಕಪಟಕ್ಕೆ ಬೆಕ್ಕಿನ ವ್ರತ ಎಂದು ಹೆಸರು. ನಾವು ಕಾಮರ್ಸಿನವರು ಇದಕ್ಕೆ ತಪ್ಪು ಖಾತೆಗೆ ಪೋಸ್ಟಿಂಗ್ ಆಗಿದೆ ಅನ್ನುತ್ತೇವೆ. ನರಿಯ ಖಾತೆಗೆ ಹಾಕಬೇಕಾದ್ದನ್ನು ಬೆಕ್ಕಿನ ಖಾತೆಗೆ ಹಾಕಿ ಎರಡು ಸಾವಿರ ವರ್ಷ ಆಯಿತು, ಯಾವ ಆಡಿಟರೂ ಹಿಡಿಯಲಿಲ್ಲ.

ಬೌದ್ಧರು ಮಾತ್ರ ಅಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗಾತೀರದ ತಪಸ್ವಿ ಬೆಕ್ಕಿನ ಕಥೆ ಬರುತ್ತದೆ. ಮಹಾಬಲಿಪುರದ ದೊಡ್ಡ ಬಂಡೆಯಲ್ಲಿ ಪಲ್ಲವರ ಶಿಲ್ಪಿ ಮುಂಗಾಲು ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಕಾಲಬುಡದಲ್ಲಿ ಇಲಿಗಳನ್ನೂ ಕೆತ್ತಿದ್ದಾನೆ. ನಮ್ಮ ಮಾತಿನಲ್ಲೇ 'ಮಾರ್ಜಾಲ ಸನ್ಯಾಸಿ' ಇದೆ. ಒಳ್ಳೆಯ ಹೆಸರು ಕೊಟ್ಟವರು ಶ್ರೀವೈಷ್ಣವರಲ್ಲಿ ತೆಂಗಲೆಯವರು. ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ತಾಯಿಬೆಕ್ಕಿನ ಹಾಗೆ ದೇವರು ಅನ್ನುತ್ತಾರೆ. ಅದಿರಲಿ.

ಈ ಕಥೆಗಳನ್ನೆಲ್ಲ ಓದಿದ ಮೇಲೆ ಭಟ್ರ ಸ್ಟೋರ್ ಕೀಪರನ್ನು ಮತ್ತೆ ನೋಡಿದೆ. ಕಪಟ ಎಲ್ಲಿದೆ? ಅದು ವಿಭೂತಿ ಬಳಿದುಕೊಂಡಿಲ್ಲ. ನಾನು ತಪಸ್ವಿ ಅಂತ ಯಾವ ಇಲಿಗೂ ಹೇಳಿಲ್ಲ. ಅದಕ್ಕೆ ಹಸಿವು, ಅದು ಕಾಯುತ್ತದೆ, ಅಷ್ಟೆ. ವೇಷ ನಮ್ಮದು, ಅದನ್ನು ಅದಕ್ಕೆ ತೊಡಿಸಿದವರೂ ನಾವು. ಹಾಗಂತ ನಮ್ಮ ಕ್ಲಾಸಿನವನು ಹೇಳಿದ ಹಾಗೆ ಅದು ಧ್ಯಾನಿಯೂ ಅಲ್ಲ. ಬೌದ್ಧರ ಅಭಿಧಮ್ಮದಲ್ಲಿ ಇದಕ್ಕೆ ಚೊಕ್ಕ ಉತ್ತರ ಇದೆ. ಏಕಾಗ್ರತೆ ಎಂಬುದು ಎಲ್ಲ ಚಿತ್ತಗಳಲ್ಲೂ, ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ, ಇರುವ ಗುಣ. ಅದು ಇದೆ ಎಂದ ಮಾತ್ರಕ್ಕೆ ಪುಣ್ಯ ಇದೆ ಎಂದಲ್ಲ. ಬೆಳಗಿನ ದಾದರ್ ಲೋಕಲ್ಲಿನಲ್ಲಿ ಜೇಬು ಕತ್ತರಿಸುವವನನ್ನು ನೋಡಿ. ಅವನಷ್ಟು ಏಕಾಗ್ರತೆ ನಮ್ಮ ಯಾವ ಭಜನಾ ಮಂಡಳಿಯಲ್ಲೂ ಇಲ್ಲ. ಕಾಯುವವನು ಯಾತಕ್ಕೆ ಕಾಯುತ್ತಿದ್ದಾನೆ ಎಂಬುದೇ ಮುಖ್ಯ. ಬುದ್ಧ ಚೇತನೆಯನ್ನೇ, ಅಂದರೆ ಮಾಡಬೇಕೆಂಬ ಮನಸ್ಸನ್ನೇ, ಕರ್ಮ ಎಂದು ಕರೆದದ್ದು.

ಅಲ್ಲಿಂದ ನನ್ನ ತಲೆನೋವು ಶುರುವಾಯಿತು.

ಥೇರವಾದದ ಅಟ್ಠಕಥೆಗಳಲ್ಲಿ ಕೊಲೆ ಪೂರ್ತಿಯಾಗಲು ಐದು ಅಂಗ ಹೇಳಿದ್ದಾರೆ: ಪ್ರಾಣಿ ಇರಬೇಕು, ಅದು ಪ್ರಾಣಿ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ಆಗಬೇಕು, ಅದರಿಂದ ಸಾವು ಬರಬೇಕು. ಪ್ರಯತ್ನದಲ್ಲೂ ಬಗೆಗಳಿವೆ. ಸ್ವಂತ ಕೈಯಿಂದ ಕೊಲ್ಲುವುದು ಒಂದು, ಇನ್ನೊಬ್ಬರಿಗೆ ಹೇಳಿ ಕೊಲ್ಲಿಸುವುದು ಇನ್ನೊಂದು. ಹೇಳಿ ಮಾಡಿಸುವುದಕ್ಕೆ ಪಾಲಿಯಲ್ಲಿ ಆಣತ್ತಿ ಎಂದು ಹೆಸರು. ನಮ್ಮ ಕನ್ನಡದ ಆಣತಿಯೇ! ಗುಂಡಿ ತೋಡಿ, ಬೋನು ಒಡ್ಡಿ ಇಡುವುದೂ ಲೆಕ್ಕಕ್ಕೆ ಬರುತ್ತದೆ. ಈಗ ನಮ್ಮ ಸ್ಟೋರ್ ರೂಮಿಗೆ ಬನ್ನಿ. ಇಲಿ ಸಾಯಬೇಕು ಎಂಬ ಮನಸ್ಸು ಯಾರದು? ಬೆಕ್ಕಿಗೆ ಬೇಕಾದದ್ದು ಊಟ. ಇಲಿಯ ಸಂತತಿ ಕಡಿಮೆಯಾಗಲಿ, ಅಕ್ಕಿ ಉಳಿಯಲಿ ಎಂದು ಆಲೋಚಿಸಿ, ಬೆಕ್ಕನ್ನು ತಂದು, ಸ್ಟೋರಿನ ಬಾಗಿಲು ಹಾಕಿ, ಬೆಳಿಗ್ಗೆ ತೆರೆದು ನೋಡಿದವರು ಯಾರು?

ನಮ್ಮ ಬಿಸಿನೆಸ್ ಲಾ ಪುಸ್ತಕದಲ್ಲಿ 1872ರ ಕಾಂಟ್ರಾಕ್ಟ್ ಆಕ್ಟ್ ಇದೆ. ಅದರ 184ನೆಯ ಕಲಂ ಪ್ರಕಾರ, ಹೊರಗಿನವರ ಮಟ್ಟಿಗೆ ಯಾರು ಬೇಕಾದರೂ ಏಜೆಂಟ್ ಆಗಬಹುದು. ಆದರೆ ವಯಸ್ಸಿಗೆ ಬಾರದವನು, ಬುದ್ಧಿ ಸ್ವಾಧೀನದಲ್ಲಿಲ್ಲದವನು ತನ್ನ ಯಜಮಾನನಿಗೆ ಹೊಣೆಗಾರ ಆಗುವುದಿಲ್ಲ. ಪರೀಕ್ಷೆಗೆಂದು ಇದನ್ನು ಓದುವಾಗ ನನ್ನ ಕಣ್ಣಿನ ಮುಂದೆ ಬಂದದ್ದು ಬೂದು ಬೆಕ್ಕು. ಅದು ಏಜೆಂಟ್, ಹೊಣೆ ಇಲ್ಲ. ಹೊಣೆ ಪ್ರಿನ್ಸಿಪಾಲನದು. ನಮ್ಮ ಹೋಟೆಲಿನ ಬೋರ್ಡಿನ ಮೇಲೆ 'ಶುದ್ಧ ಸಸ್ಯಾಹಾರಿ' ಎಂದು ಹಸಿರು ಬಣ್ಣದಲ್ಲಿ ಬರೆದಿದೆ.

ಪ್ರಾಣಿಗಳಿಗೆ ಕರ್ಮವೇ ಇಲ್ಲ ಎಂದು ಬೌದ್ಧರು ಹೇಳುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವೂ ನಮ್ಮ ಹಾಗೇ ಸುತ್ತುತ್ತಿರುವ ಜೀವಗಳೇ. ಆದರೆ ಆ ಜನ್ಮದಲ್ಲಿ ಧರ್ಮ ತಿಳಿದು ನಡೆಯುವ ಅವಕಾಶ ಕಡಿಮೆ. ವಿನಯಪಿಟಕದಲ್ಲಿ ಒಂದು ನಾಗ ಮನುಷ್ಯನ ರೂಪದಲ್ಲಿ ಬಂದು ಭಿಕ್ಷುವಾದ ಕಥೆ ಇದೆ. ನಿದ್ದೆಯಲ್ಲಿ ಹಾವಿನ ರೂಪ ಬಯಲಾಯಿತು. ಬುದ್ಧ ಅದನ್ನು ಬೈಯಲಿಲ್ಲ. ನಿನಗೆ ಸಂಘದಲ್ಲಿ ಜಾಗ ಇಲ್ಲ, ಉಪೋಸಥದ ವ್ರತ ಮಾಡು, ಮುಂದೆ ಬೇಗ ಮನುಷ್ಯನಾಗುತ್ತೀ ಎಂದು ಕಳಿಸಿದ. ನಾಗ ಅಳುತ್ತಾ ಹೋಯಿತಂತೆ. ಇವತ್ತಿಗೂ ದೀಕ್ಷೆಯ ಹೊತ್ತಿಗೆ ನೀನು ಮನುಷ್ಯನೋ ಎಂದು ಕೇಳುವ ಕ್ರಮ ಉಂಟು. ಗೆಳೆಯ ಇದನ್ನು ಹೇಳಿದಾಗ, ಈ ಪ್ರಶ್ನೆಯನ್ನು ಬೇರೆ ಕೆಲವು ಕಡೆಯೂ ಕೇಳಬೇಕಿತ್ತು ಅನ್ನಿಸಿತು.

ಇನ್ನು ಲೆಕ್ಕದ ಪುಸ್ತಕ. ಹೋಟೆಲಿನ ಸಣ್ಣ ಖರ್ಚುಗಳನ್ನು ಮಾವ ಈಗಲೂ ಕೈಯಲ್ಲೇ ಬರೆಸುತ್ತಾರೆ. ಅದರಲ್ಲಿ ಧರ್ಮ ಖಾತೆ ಎಂದು ಒಂದು. ದೇವಸ್ಥಾನದ ಜೀರ್ಣೋದ್ಧಾರ, ಊರಿಂದ ಬಂದ ಯಕ್ಷಗಾನ ಮೇಳದ ವಂತಿಗೆ, ಬೇಡಲು ಬಂದವರಿಗೆ ಕೊಟ್ಟದ್ದು, ಎಲ್ಲ ಅದಕ್ಕೆ. ನಾನು ಪುಸ್ತಕ ಹಿಡಿಯುವ ಮೊದಲಿಂದಲೂ 'ಬೆಕ್ಕಿಗೆ ಹಾಲು' ಎಂಬುದೂ ಅದರಲ್ಲೇ.

"ಮಾವ, ಇದು ಸ್ಟೋರಿನ ಖರ್ಚಲ್ಲವಾ? ಧರ್ಮಕ್ಕೆ ಯಾಕೆ?" ಅಂದೆ.

"ಮೂಕಪ್ರಾಣಿಗೆ ಹಾಲು ಹಾಕುವುದು ಧರ್ಮ ಅಲ್ಲದೆ ಮತ್ತೆಂಥದು ಮಾರಾಯ?"

"ಅದು ಇಲಿ ಹಿಡಿಯದಿದ್ದರೆ ಹಾಕ್ತಿದ್ರಾ?"

ಮಾವ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನನ್ನು ಕಾಮರ್ಸ್ ಓದಿಸಿದ್ದು ಇದಕ್ಕಾ?" ಅಂದರು ಅಷ್ಟೆ. ನಾನು ಅವತ್ತಿನಿಂದ ಸ್ಟೋರ್ ಖಾತೆಗೆ ಬರೆದೆ. ಕೆಲಸಕ್ಕೆ ಕೊಟ್ಟದ್ದು ಸಂಬಳ, ಅದು ಹಾಲಿನ ರೂಪದಲ್ಲಿದ್ದರೂ ಸಂಬಳವೇ. ಸಂಬಳವನ್ನು ದಾನ ಎಂದು ಬರೆದರೆ ಕೊಡುವವನಿಗೆ ಸುಖ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತ ಅಶೋಕನ ಕಂಬದ ಐದನೆಯ ಶಾಸನದಲ್ಲಿ, ಯಾವ ಯಾವ ಪ್ರಾಣಿಗಳನ್ನು ಕೊಲ್ಲಬಾರದು ಎಂಬ ಉದ್ದದ ಪಟ್ಟಿಯ ಜೊತೆಗೆ, ಒಂದು ಜೀವವನ್ನು ಇನ್ನೊಂದು ಜೀವದಿಂದ ಸಾಕಬಾರದು ಎಂಬ ಕಟ್ಟಳೆಯೂ ಇದೆ. ಅರಮನೆಯ ಉಗ್ರಾಣದಲ್ಲಿ ಇಲಿ ಇರಲಿಲ್ಲವೋ ಏನೋ!

ಹೀಗೆ ಇದ್ದಾಗ ಬೆಕ್ಕಿಗೆ ವಯಸ್ಸಾಯಿತು. ಒಂದು ಕೋರೆಹಲ್ಲು ಬಿತ್ತು. ಮೋರಿಯ ತೂತಿನ ಎದುರು ಈಗಲೂ ಕೂರುತ್ತದೆ, ಆದರೆ ಇಲಿ ಎದುರಿಗೇ ಹಾದುಹೋದರೂ ಕಣ್ಣು ಪಿಳುಕಿಸುತ್ತದೆ ಅಷ್ಟೆ. ಇಡ್ಲಿಗೆ ದಿನಾ ಬರುವ ಒಬ್ಬರು ಒಳಗೆ ಇಣುಕಿ, "ಇದಕ್ಕೆ ಜ್ಞಾನೋದಯ ಆಗಿದೆ ನೋಡಿ" ಅಂದರು. ಭಟ್ರು ಸೌಟು ಹಿಡಿದೇ, "ಜ್ಞಾನೋದಯ ಅಲ್ಲ ಸ್ವಾಮಿ, ಹಲ್ಲೋದಯ ಮುಗಿದದ್ದು" ಅಂದರು.

ಮಾವ ಒಂದು ಶನಿವಾರ ರಾತ್ರಿ ಗಲ್ಲಾ ಮುಚ್ಚುವಾಗ ನನ್ನನ್ನು ಕರೆದರು. "ನಾಳೆ ಮೀನು ಮಾರ್ಕೆಟಿನ ಹತ್ತಿರ ಹೋಗು. ಅಲ್ಲಿ ಎಳೆ ಬೆಕ್ಕುಗಳು ಬೇಕಾದಷ್ಟು ಉಂಟು. ಚುರುಕಾದ್ದು ಒಂದು ಹಿಡಿದು ತಾ. ಇದರದ್ದು ಇನ್ನು ಆಗಲಿಲ್ಲ."

ಇಷ್ಟು ದಿನ ಪ್ರಿನ್ಸಿಪಾಲ್ ಮಾವ, ನಾನು ಬರೀ ಗುಮಾಸ್ತ. ಈಗ ಆಣತಿ ನನ್ನ ಕೈಯಿಂದ ಹಾದು ಹೋಗಬೇಕು. ಇಲ್ಲ ಅಂದರೆ ಫೀಸು ಕಟ್ಟುವವರಿಗೆ ಇಲ್ಲ ಅಂದ ಹಾಗೆ. ಒಂದು ವಾರ ಪರೀಕ್ಷೆ ಇದೆ ಮಾವ, ಮುಗಿಯಲಿ ಅಂದೆ. ಪರೀಕ್ಷೆ ಇದ್ದದ್ದು ನಿಜ.

ಆ ವಾರ ನನಗೆ ಹೆಚ್ಚು ನೆನಪಾದದ್ದು ಚೀನಾದ ನಾನ್‌ಚುವಾನನ ಕಥೆ. ಗುರು ನಾನ್‌ಚುವಾನ್ (748–835) ಝೆನ್ ಪಂಥದವರಲ್ಲಿ ಬಹಳ ಪ್ರಸಿದ್ಧ. ಕಥೆ 1228ರ ಒಂದು ಸಂಕಲನದಲ್ಲಿ ಹದಿನಾಲ್ಕನೆಯದು. ಮಠದ ಪೂರ್ವದ ಸಾಲಿನವರೂ ಪಶ್ಚಿಮದ ಸಾಲಿನವರೂ ಒಂದು ಬೆಕ್ಕಿಗಾಗಿ ಜಗಳಾಡುತ್ತಿದ್ದರು. ಗುರು ಬೆಕ್ಕನ್ನು ಎತ್ತಿ ಹಿಡಿದು, ಯಾರಾದರೂ ಒಂದು ನಿಜವಾದ ಮಾತು ಹೇಳಿ, ಇಲ್ಲದಿದ್ದರೆ ಕತ್ತರಿಸುತ್ತೇನೆ ಅಂದ. ಯಾರೂ ಬಾಯಿ ಬಿಡಲಿಲ್ಲ. ಕತ್ತರಿಸಿದ. ಸಂಜೆ ಶಿಷ್ಯ ಝಾವ್‌ಝೌ ಬಂದು ಸಂಗತಿ ಕೇಳಿ, ಚಪ್ಪಲಿ ತಲೆಯ ಮೇಲಿಟ್ಟುಕೊಂಡು ಹೊರಗೆ ನಡೆದ. ನೀನು ಇದ್ದಿದ್ದರೆ ಬೆಕ್ಕು ಉಳಿಯುತ್ತಿತ್ತು ಅಂದ ಗುರು. ಆ ಚಪ್ಪಲಿಯ ಅರ್ಥ ಏನೆಂದು ದೊಡ್ಡ ದೊಡ್ಡವರು ಬರೆದಿದ್ದಾರೆ. ನನಗೆ ಆ ಕಥೆ ಹಿಡಿಸುವುದಿಲ್ಲ, ಹೇಳಿಬಿಡುತ್ತೇನೆ. ಅರ್ಥಕ್ಕಾಗಿ ಬೆಕ್ಕು ಯಾಕೆ ಸಾಯಬೇಕು? ಆದರೆ ಒಂದು ಮಾತು ಅದರಲ್ಲಿ ಸರಿಯಾಗಿ ಕೂತಿದೆ. ಅಷ್ಟು ಜನ ಬೆಕ್ಕು ನಮ್ಮದು, ಬೆಕ್ಕು ನಮ್ಮದು ಅಂದರು. ಹೊಣೆ ಹೊರುವ ಹೊತ್ತಿಗೆ ಎಲ್ಲರೂ ಸುಮ್ಮನೆ ನಿಂತರು.

ಇನ್ನೊಂದು ನೆನಪಾದದ್ದು ಕಾನ್ಹೇರಿ. ನಮ್ಮ ಸಂಘದ ಪ್ರವಾಸ ಬೊರಿವಲಿಯ ಆ ಗುಹೆಗಳಿಗೆ ಹೋಗಿತ್ತಲ್ಲ. ನೂರಕ್ಕೂ ಹೆಚ್ಚು ಗುಹೆಗಳು, ಒಬ್ಬೊಬ್ಬ ಭಿಕ್ಷುವಿಗೆ ಒಂದೊಂದು ಕೋಣೆ, ಕಲ್ಲಿನದೇ ಮಂಚ, ಹೊರಗೆ ಮಳೆನೀರಿನ ತೊಟ್ಟಿ. ಅಮೋಘವರ್ಷನ ಕಾಲದ, ಒಂಬತ್ತನೆಯ ಶತಮಾನದ ಶಾಸನಗಳು ಅಲ್ಲಿವೆ ಎಂದು ಗೊತ್ತಾಗಿ ನಾವೆಲ್ಲ ಎದೆ ಉಬ್ಬಿಸಿದ್ದೆವು. ಬಂಡವಾಳ ಇಟ್ಟು ಬಡ್ಡಿಯಿಂದ ಭಿಕ್ಷುಗಳ ಖರ್ಚು ನಡೆಸುವ ದತ್ತಿಗಳೂ ಅವುಗಳಲ್ಲಿವೆ, ಅಂದರೆ ಫಿಕ್ಸೆಡ್ ಡಿಪಾಸಿಟ್. ನನಗೆ ಈಗ ಹೊಳೆದದ್ದು ಬೇರೆ. ಆ ಕೋಣೆಗಳಲ್ಲಿ ಮಲಗಲು ಜಾಗ ಉಂಟು, ಗೋಣಿ ಇಡಲು ಇಲ್ಲ. ವಿನಯದ ಪ್ರಕಾರ ಭಿಕ್ಷು ಇವತ್ತಿನ ಊಟವನ್ನು ನಾಳೆಗೆ ಕೂಡಿಡುವ ಹಾಗಿಲ್ಲ. ಕೂಡಿಡದವನ ಹತ್ತಿರ ಇಲಿಗೆ ಏನು ಕೆಲಸ? ಇಲಿ ಇಲ್ಲದಿದ್ದರೆ ಬೆಕ್ಕು ಯಾಕೆ? (ಆ ಕಾಡಿನಲ್ಲಿ ಚಿರತೆಗಳಿವೆ. ಅವು ಯಾರ ಏಜೆಂಟೂ ಅಲ್ಲ.) ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಅವನು ಧಾನ್ಯ ಕೂಡಿಡಲು ಶುರು ಮಾಡಿದ ಮೇಲೆ ಎಂದು ಶೋಧಕರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಎಲುಬು ಸಿಕ್ಕಿದೆ. ಜಪಾನಿನ ಮಠಗಳವರು ಗ್ರಂಥಗಳನ್ನು ಇಲಿಯಿಂದ ಉಳಿಸಲು ಬೆಕ್ಕು ಸಾಕಿದರು ಎನ್ನುತ್ತಾರೆ. ಧರ್ಮದ ಪುಸ್ತಕವಾದರೂ ಕೂಡಿಟ್ಟರೆ ಇಲಿ ಬಂತು. ಅಷ್ಟಾದರೂ ಬುದ್ಧನ ಪರಿನಿರ್ವಾಣದ ಅವರ ಚಿತ್ರಗಳಲ್ಲಿ ಸುತ್ತಲೂ ಅಳುವ ಪ್ರಾಣಿಗಳ ಗುಂಪಿನಲ್ಲಿ ಸಾಮಾನ್ಯವಾಗಿ ಬೆಕ್ಕಿಗೆ ಜಾಗ ಕೊಟ್ಟಿಲ್ಲ. ಕ್ಯೋಟೋದ ತೋಫುಕುಜಿಯಲ್ಲಿ ಮಿಂಚೋ 1408ರಲ್ಲಿ ಬರೆದ ಚಿತ್ರದಲ್ಲಿ ಮಾತ್ರ ಬೆಕ್ಕು ಇದೆ ಎಂದು ಅದೊಂದು ವಿಶೇಷ.

ಮುಂದಿನ ಶನಿವಾರ ಮಾವನ ಎದುರು ಬುದ್ಧನ ಹೆಸರು ಎತ್ತಲಿಲ್ಲ. ಒಂದು ಹಾಳೆ ಇಟ್ಟೆ. ಮೋರಿಯ ತೂತಿಗೆ ಕಬ್ಬಿಣದ ಜಾಳಿಗೆ, ಬಾಗಿಲಿನ ಕೆಳಗೆ ತಗಡಿನ ಪಟ್ಟಿ, ಗೋಣಿಗಳ ಬದಲು ಮುಚ್ಚಳ ಇರುವ ಸ್ಟೀಲಿನ ಡ್ರಮ್ಮುಗಳು; ಪ್ರತಿಯೊಂದರ ರೇಟು, ಎದುರಿಗೆ ತಿಂಗಳಿಗೆ ಇಲಿ ಹಾಳು ಮಾಡುವ ಅಕ್ಕಿಯ ಅಂದಾಜು. ಕೊನೆಗೆ, "ಬೆಕ್ಕು ನಾನು ತರುವುದಿಲ್ಲ ಮಾವ" ಅಂದೆ. ದನಿ ಸ್ವಲ್ಪ ನಡುಗಿತು.

ಮಾವ ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದರು. "ಡ್ರಮ್ಮಿಗೆ ಇಷ್ಟಾ? ಯಾರು ಹೇಳಿದ್ದು?" ಅಂದರು. ಬೆಕ್ಕಿನ ಮಾತು ಆಡಲೇ ಇಲ್ಲ.

ಸೋಮವಾರ ಬಡಗಿ ಬಂದು ಜಾಳಿಗೆ ಹೊಡೆದ, ತಗಡೂ ಹೊಡೆದ. ಡ್ರಮ್ಮು ಎರಡು ಬಂದಿವೆ. ಉದ್ದು, ಬೇಳೆ ಅದರಲ್ಲಿ. ಅಕ್ಕಿ ಇನ್ನೂ ಗೋಣಿಯಲ್ಲೇ ಉಂಟು. ದೀಪಾವಳಿ ಕಳೆಯಲಿ, ನೋಡುವ ಅಂದಿದ್ದಾರೆ. ಇಲಿ ಪೂರ್ತಿ ಹೋಗಿಲ್ಲ. ಹೊಸ ಬೆಕ್ಕನ್ನು ಬೇರೆ ಹುಡುಗನ ಕೈಯಲ್ಲಿ ತರಿಸುತ್ತಾರೋ ಏನೋ, ಗೊತ್ತಿಲ್ಲ. ಹಳೆಯದು ಈಗ ಜಾಳಿಗೆಯ ಎದುರೇ ಮಲಗುತ್ತದೆ. ಅರ್ಧ ಲೋಟ ಹಾಲು ನಿಂತಿಲ್ಲ, ಭಟ್ರು ಅದಕ್ಕೆ ಸ್ವಲ್ಪ ಅನ್ನ ಕಲಸುತ್ತಾರೆ, ಹಲ್ಲಿಲ್ಲವಲ್ಲ. ಈ ತಿಂಗಳಿಂದ ಅದನ್ನು ಧರ್ಮ ಖಾತೆಗೆ ಬರೆಯುತ್ತಿದ್ದೇನೆ.